ಹೈಬ್ರಿಡ್ ಕಾರು: ಪೆಟ್ರೋಲ್ ಉಳಿಯುತ್ತದೆ, ಹಣದ ಮಾತೇನು?

ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರನ್ನು ನೋಡಲು ಶೋರೂಮಿಗೆ ಹೋದವರ ಕಿವಿಗೆ ಮೊದಲು ಬೀಳುವುದು ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಮಾತು. ಅದೇ ಮಾದರಿಯ ಪೆಟ್ರೋಲ್ ಕಾರಿಗಿಂತ ಇದರ ಬೆಲೆ ಎಷ್ಟು ಹೆಚ್ಚು ಎಂಬುದು ತಿಳಿಯುವುದು ಲೆಕ್ಕದ ಹಾಳೆ ಕೈಗೆ ಬಂದ ಮೇಲೆ. ಇಂಧನ ಉಳಿಯುತ್ತದೆಯೇ ಎಂದು ಕೇಳಿದರೆ ಹೌದು, ಖಂಡಿತವಾಗಿ ಉಳಿಯುತ್ತದೆ ಎನ್ನಬಹುದು. ಹಣ ಉಳಿಯುತ್ತದೆಯೇ ಎಂಬುದು ಮಾತ್ರ ಕಾರನ್ನಷ್ಟೇ ನೋಡಿ ಹೇಳುವ ಮಾತಲ್ಲ. ಅದು ಎಂಥ ರಸ್ತೆಯಲ್ಲಿ ಓಡುತ್ತದೆ, ವರ್ಷಕ್ಕೆ ಎಷ್ಟು ಓಡುತ್ತದೆ, ಎಷ್ಟು ವರ್ಷ ಒಬ್ಬರ ಕೈಯಲ್ಲೇ ಉಳಿಯುತ್ತದೆ ಎಂಬುದು ಗೊತ್ತಿಲ್ಲದೆ ಕೊಡುವ ಉತ್ತರ ಜಾಹೀರಾತಾಗಬಹುದೇ ಹೊರತು ವಿಮರ್ಶೆಯಾಗಲಾರದು.

ಉಳಿತಾಯ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಪೆಟ್ರೋಲ್ ಎಂಜಿನ್ನಿಗೆ ಒಂದು ಹಳೆಯ ದೌರ್ಬಲ್ಯವಿದೆ: ಸಾಕಷ್ಟು ಭಾರ ಹೊತ್ತು, ಹದವಾದ ವೇಗದಲ್ಲಿ ತಿರುಗುವಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಸಿಗ್ನಲ್‌ನಲ್ಲಿ ಸುಮ್ಮನೆ ನಿಂತಿರುವಾಗ, ವಾಹನಗಳ ಸಾಲಿನಲ್ಲಿ ತೆವಳುವಾಗ ಸುಟ್ಟ ಇಂಧನದ ಬಹುಪಾಲನ್ನು ಬಿಸಿಯಾಗಿ ಹೊರಚೆಲ್ಲುತ್ತದೆ. ಹೈಬ್ರಿಡ್ ವ್ಯವಸ್ಥೆಯು ಎಂಜಿನ್ನನ್ನು ಅದಕ್ಕೆ ಒಗ್ಗದ ಕೆಲಸದಿಂದ ಬಿಡಿಸಿ, ಆ ಹೊತ್ತಿನಲ್ಲಿ ವಿದ್ಯುತ್ ಮೋಟಾರನ್ನು ಮುಂದೆ ಬಿಡುತ್ತದೆ. ಮೋಟಾರಿನ ಬೆಂಬಲ ಇರುವುದರಿಂದ ಎಂಜಿನ್ನನ್ನು ಬೇರೆ ರೀತಿಯಲ್ಲಿ ವಿನ್ಯಾಸ ಮಾಡುವುದಕ್ಕೂ ಅವಕಾಶ ಸಿಗುತ್ತದೆ. ಬಲದಲ್ಲಿ ಸ್ವಲ್ಪ ಹಿಂದಿದ್ದರೂ ಇಂಧನವನ್ನು ಮಿತವಾಗಿ ಬಳಸುವ ಅಟ್ಕಿನ್ಸನ್ ಚಕ್ರದ ಎಂಜಿನ್‌ಗಳು ಈ ಕಾರುಗಳಲ್ಲಿ ಸಾಮಾನ್ಯವಾಗಿರುವುದು ಇದೇ ಕಾರಣಕ್ಕೆ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್ ಈ ದಾರಿಯನ್ನೇ ಹಿಡಿದಿತ್ತು. ಅದರ ನಾಲ್ಕನೆಯ ಪೀಳಿಗೆ 2015ರಲ್ಲಿ ಬಂದಾಗ ಎಂಜಿನ್ನಿನ ಗರಿಷ್ಠ ಉಷ್ಣದಕ್ಷತೆ, ಅಂದರೆ ಸುಟ್ಟ ಇಂಧನದ ಶಕ್ತಿಯಲ್ಲಿ ಕೆಲಸವಾಗಿ ಮಾರ್ಪಡುವ ಪಾಲು, ಶೇ. 40ಕ್ಕೆ ಮುಟ್ಟಿತ್ತು.

ಎರಡನೆಯ ಮೂಲ ಬ್ರೇಕ್. 1,400 ಕೆ.ಜಿ. ತೂಕದ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಅದರ ಚಲನೆಯಲ್ಲಿ ಸುಮಾರು 135 ಕಿಲೋಜೂಲ್ ಶಕ್ತಿ ಇರುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ 34 ಮೆಗಾಜೂಲ್ ಇರುವುದರಿಂದ, ಎಂಜಿನ್ ಅದರಲ್ಲಿ ಶೇ. 30ರಷ್ಟನ್ನು ಚಕ್ರಕ್ಕೆ ಮುಟ್ಟಿಸುತ್ತದೆ ಎಂದಿಟ್ಟುಕೊಂಡರೂ, ಆ ವೇಗ ಗಳಿಸಲು 13 ಮಿಲಿಲೀಟರ್ ಪೆಟ್ರೋಲ್ ಖರ್ಚಾಗಿರುತ್ತದೆ. ಸಾಧಾರಣ ಕಾರಿನಲ್ಲಿ ಬ್ರೇಕ್ ತುಳಿದ ಕೂಡಲೇ ಅದಷ್ಟೂ ಡಿಸ್ಕ್ ಮತ್ತು ಪ್ಯಾಡ್‌ಗಳ ನಡುವೆ ಬಿಸಿಯಾಗಿ ಮುಗಿದುಹೋಗುತ್ತದೆ. ಒಂದು ಓಡಾಟದಲ್ಲಿ 50 ಸಲ ಹೀಗೆ ನಿಂತು ಹೊರಟರೆ ಮುಕ್ಕಾಲು ಲೀಟರಿಗೆ ತುಸು ಕಡಿಮೆ ಪೆಟ್ರೋಲ್ ಬರೀ ನಿಲ್ಲುವುದಕ್ಕಾಗಿಯೇ ಉರಿದಂತಾಯಿತು. ಹೈಬ್ರಿಡ್ ಕಾರಿನಲ್ಲಿ ಮೋಟಾರು ಆಗ ಜನರೇಟರ್ ಆಗಿ ತಿರುಗಿ, ಇದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಪೂರ್ತಿ ಮರಳುವುದಿಲ್ಲ; ವಿದ್ಯುತ್ತಾಗುವಾಗ, ಬ್ಯಾಟರಿಗೆ ಹೋಗುವಾಗ, ಮತ್ತೆ ಹೊರಬರುವಾಗ ಅಷ್ಟಿಷ್ಟು ಸೋರಿಕೆ ಇದ್ದೇ ಇರುತ್ತದೆ. ಗಕ್ಕನೆ ಬ್ರೇಕ್ ಒತ್ತಿದರಂತೂ ಮೋಟಾರು ಅಷ್ಟು ವೇಗವಾಗಿ ಶಕ್ತಿಯನ್ನು ಹೀರಲಾರದೆ ಹೆಚ್ಚಿನ ಕೆಲಸ ಪ್ಯಾಡ್‌ಗಳ ಪಾಲಿಗೆ ಹೋಗುತ್ತದೆ.

ಇಲ್ಲಿ ಬ್ಯಾಟರಿಯ ಬಗ್ಗೆ ಹಲವರಿಗೆ ಇರುವ ಕಲ್ಪನೆಯನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ಹಲವು ಪ್ರಿಯಸ್ ಮಾದರಿಗಳಲ್ಲಿದ್ದ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯ ಒಟ್ಟು ಸಾಮರ್ಥ್ಯ ಸುಮಾರು 1.3 ಕಿಲೋವ್ಯಾಟ್ ಗಂಟೆ. ಶಕ್ತಿಯ ಲೆಕ್ಕದಲ್ಲಿ ಅದು ಒಂದು ಲೋಟ ಪೆಟ್ರೋಲಿಗಿಂತ ಕಡಿಮೆ. ಬಾಳಿಕೆ ಬರಲೆಂದು ಅದನ್ನು ಪೂರ್ತಿ ತುಂಬಿಸದೆ, ಪೂರ್ತಿ ಬರಿದು ಮಾಡದೆ ನಡುವಿನ ಒಂದು ಪಟ್ಟಿಯಲ್ಲಷ್ಟೇ ಬಳಸುವುದರಿಂದ, ಕೈಗೆ ಸಿಗುವುದು ಇನ್ನೂ ಕಡಿಮೆ. ಮನೆಯ ಚಿಲ್ಲರೆ ಡಬ್ಬಿಯಂತೆ ಅದು ದಿನವಿಡೀ ತುಂಬುತ್ತ ಖಾಲಿಯಾಗುತ್ತ ಇರುತ್ತದೆಯೇ ಹೊರತು ದೊಡ್ಡ ಉಳಿತಾಯವನ್ನು ಕೂಡಿಡುವ ಜಾಗವಲ್ಲ. ಉದ್ದನೆಯ ಘಾಟಿ ಇಳಿಯುವಾಗ ಇದು ಕಣ್ಣಿಗೇ ಕಾಣುತ್ತದೆ. 1,500 ಕೆ.ಜಿ.ಯ ಕಾರು 500 ಮೀಟರ್ ಎತ್ತರದಿಂದ ಇಳಿದರೆ 2 ಕಿಲೋವ್ಯಾಟ್ ಗಂಟೆಯಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಗಾಳಿಗೆ, ಟೈರಿಗೆ ಹೋಗುವುದನ್ನು ಕಳೆದರೂ ಅಷ್ಟನ್ನು ಹಿಡಿದಿಡುವ ಜಾಗ ಆ ಬ್ಯಾಟರಿಯಲ್ಲಿಲ್ಲ. ಅರ್ಧ ದಾರಿಯಲ್ಲೇ ಫಲಕದ ಮೇಲೆ ಬ್ಯಾಟರಿಯ ಮಟ್ಟ ತೋರಿಸುವ ಪಟ್ಟಿ ತುಂಬಿ, ಅಲ್ಲಿಯವರೆಗೆ ಮೌನವಾಗಿದ್ದ ಎಂಜಿನ್ ಗುಯ್ಯೆಂದು ತಿರುಗಲು ಶುರುವಾಗುತ್ತದೆ. ಇದನ್ನು ಕೇಳಿದವರು ಏನೋ ಕೆಟ್ಟಿತೆಂದು ಗಾಬರಿಯಾಗುವುದುಂಟು. ಆ ಹೊತ್ತಿನಲ್ಲಿ ಎಂಜಿನ್ನಿಗೆ ಪೆಟ್ರೋಲ್ ಹೋಗುತ್ತಿರುವುದಿಲ್ಲ, ಕಾರನ್ನು ತಡೆದು ಹಿಡಿಯಲೆಂದೇ ಅದನ್ನು ತಿರುಗಿಸಲಾಗುತ್ತಿರುತ್ತದೆ.

ಹಾಗಾಗಿ ಹೈಬ್ರಿಡ್‌ನ ಲಾಭವೆಲ್ಲ ನಿಂತು ಹೊರಡುವ ಓಡಾಟದಲ್ಲಿದೆ. ಒಂದೇ ಕಾರಿನ ಎರಡು ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಟೊಯೋಟಾ ರಾವ್4ರ ಹಿಂದಿನ ಪೀಳಿಗೆಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಟ್ಟ ಅಂಕಿಗಳನ್ನು ನಮ್ಮ ರೂಢಿಯ ಲೆಕ್ಕಕ್ಕೆ ತಂದರೆ, ಪೆಟ್ರೋಲ್ ಮಾದರಿ ನಗರದಲ್ಲಿ ಲೀಟರಿಗೆ ಸುಮಾರು 11.5 ಕಿ.ಮೀ., ಹೆದ್ದಾರಿಯಲ್ಲಿ 15 ಕಿ.ಮೀ.ಯ ಹತ್ತಿರ ಕೊಡುತ್ತದೆ. ಹೈಬ್ರಿಡ್ ಮಾದರಿ ನಗರದಲ್ಲಿ 17.4, ಹೆದ್ದಾರಿಯಲ್ಲಿ 16 ಚಿಲ್ಲರೆ ಕೊಡುತ್ತದೆ. ಹೆದ್ದಾರಿಗಿಂತ ನಗರದಲ್ಲೇ ಹೆಚ್ಚು ಮೈಲೇಜ್ ಬರುವುದು ಹೈಬ್ರಿಡ್‌ನ ಗುರುತು. ಪ್ರತಿ 100 ಕಿ.ಮೀ.ಗೆ ನಗರದಲ್ಲಿ ಸುಮಾರು 3 ಲೀಟರ್ ಉಳಿದರೆ, ಹೆದ್ದಾರಿಯಲ್ಲಿ ಉಳಿಯುವುದು ಅರ್ಧ ಲೀಟರಿನ ಆಸುಪಾಸು. ವೇಗ ಹೆಚ್ಚಿದಂತೆ ಎದುರು ಗಾಳಿಯ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ, ಬ್ರೇಕ್ ತುಳಿಯುವ ಸಂದರ್ಭ ಕಡಿಮೆಯಾಗುತ್ತದೆ, ಎಂಜಿನ್ ಹೇಗೂ ತನಗೆ ಒಗ್ಗಿದ ಹದದಲ್ಲೇ ತಿರುಗುತ್ತಿರುತ್ತದೆ. ಮೋಟಾರಿಗೆ ಮಾಡಲು ಹೆಚ್ಚಿನ ಕೆಲಸವೇ ಉಳಿಯುವುದಿಲ್ಲ. ದಿನವೂ ಊರಿಂದೂರಿಗೆ ಒಂದೇ ವೇಗದಲ್ಲಿ ಓಡುವವರಿಗೆ ಒಳ್ಳೆಯ ಡೀಸೆಲ್ ಕಾರು ಇಂದಿಗೂ ಸರಿಸಾಟಿಯಾಗಿ ನಿಲ್ಲುತ್ತದೆ.

ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಅಳತೆ ಗ್ರಾಹಕರ ಕಣ್ಣು ಕಟ್ಟುವ ಅಳತೆ ಎಂಬುದು ನನ್ನ ದೊಡ್ಡ ತಕರಾರು. ಲೀಟರಿಗೆ 20 ಕಿ.ಮೀ. ಕೊಡುವ ಸಣ್ಣ ಕಾರಿನ ಬದಲು 30 ಕೊಡುವ ಹೈಬ್ರಿಡ್ ತೆಗೆದುಕೊಂಡರೆ ಹತ್ತು ಕಿಲೋಮೀಟರ್ ಗೆದ್ದಂತೆ ಕಾಣುತ್ತದೆ. ಲೀಟರಿಗೆ 10 ಕೊಡುವ ದೊಡ್ಡ ಗಾಡಿಯ ಬದಲು 15 ಕೊಡುವುದನ್ನು ತೆಗೆದುಕೊಂಡರೆ ಗೆದ್ದದ್ದು ಐದೇ. ಪಂಪಿನಲ್ಲಿ ಲೆಕ್ಕ ತಿರುಗುಮುರುಗಾಗಿರುತ್ತದೆ. ಮೊದಲನೆಯದರಲ್ಲಿ 100 ಕಿ.ಮೀ.ಗೆ ಉಳಿಯುವುದು 1.7 ಲೀಟರ್, ಎರಡನೆಯದರಲ್ಲಿ 3.3 ಲೀಟರ್. ಆದುದರಿಂದ ಈಗಾಗಲೇ ಮಿತವಾಗಿ ಕುಡಿಯುವ ಸಣ್ಣ ಕಾರಿಗೆ ಹೈಬ್ರಿಡ್ ವ್ಯವಸ್ಥೆಯನ್ನು ಜೋಡಿಸಿ ಹೆಚ್ಚು ಬೆಲೆಗೆ ಮಾರುವುದರಲ್ಲಿ ಕೊಳ್ಳುವವರಿಗೆ ಸಿಗುವ ಪ್ರಯೋಜನ ಕಡಿಮೆ. ಏಳೆಂಟು ಜನ ಕೂರುವ ಭಾರದ ಗಾಡಿಗೆ, ಅದೂ ನಗರದೊಳಗೆ ಓಡುವ ಗಾಡಿಗೆ ಅದು ಬಹಳ ಬೇಗ ತನ್ನ ಬೆಲೆಯನ್ನು ತೀರಿಸುತ್ತದೆ.

ಬೆಲೆಯ ಲೆಕ್ಕವನ್ನು ಹಣದಲ್ಲಿ ಮಾಡುವುದಕ್ಕಿಂತ ಲೀಟರಿನಲ್ಲಿ ಮಾಡುವುದು ಲೇಸು, ಏಕೆಂದರೆ ಪೆಟ್ರೋಲಿನ ದರ ದೇಶದಿಂದ ದೇಶಕ್ಕೂ ವರ್ಷದಿಂದ ವರ್ಷಕ್ಕೂ ಬದಲಾಗುತ್ತಿರುತ್ತದೆ. ಹೈಬ್ರಿಡ್‌ಗೆ ಕೊಡಬೇಕಾದ ಹೆಚ್ಚುವರಿ ಮೊತ್ತವನ್ನು ಅಂದಿನ ಪೆಟ್ರೋಲ್ ದರದಿಂದ ಭಾಗಿಸಿದರೆ, ಎಷ್ಟು ಲೀಟರ್ ಉಳಿಸಿದ ಮೇಲೆ ಅಸಲು ಕೈಸೇರುತ್ತದೆ ಎಂಬುದು ಸಿಗುತ್ತದೆ. ಉದಾಹರಣೆಗೆ ಅದು 2,000 ಲೀಟರ್ ಎಂದಿರಲಿ. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಹೈಬ್ರಿಡ್ 22 ಕಿ.ಮೀ. ಕೊಡುತ್ತದೆ ಎಂದಿರಲಿ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ 255 ಲೀಟರ್ ಉಳಿಯುತ್ತದೆ. ಅಸಲು ತೀರಲು ಹತ್ತಿರ ಹತ್ತಿರ 8 ವರ್ಷ ಬೇಕು. ವರ್ಷಕ್ಕೆ 30,000 ಕಿ.ಮೀ. ಓಡಿಸುವವರಿಗೆ 636 ಲೀಟರ್ ಉಳಿದು, 3 ವರ್ಷ ದಾಟುತ್ತಿದ್ದಂತೆ ಅಸಲು ಬಂದಿರುತ್ತದೆ. ಲೋಕದ ಹಲವು ನಗರಗಳಲ್ಲಿ ಟ್ಯಾಕ್ಸಿ ಓಡಿಸುವವರು ಹೈಬ್ರಿಡ್ ಕಾರುಗಳನ್ನು ಮೊದಲೇ ಅಪ್ಪಿಕೊಂಡದ್ದರ ಹಿಂದೆ ಇರುವುದು ಈ ಭಾಗಾಕಾರ. ಅವರ ಗಾಡಿ ಇಡೀ ದಿನ ಓಡುತ್ತದೆ, ಓಡುವುದೆಲ್ಲ ನಗರದ ನಿಲುಗಡೆಗಳ ನಡುವೆಯೇ. ವಾರಕ್ಕೊಮ್ಮೆ ಕಾರನ್ನು ಹೊರತೆಗೆಯುವ ಕುಟುಂಬದವರಿಗೆ ಟ್ಯಾಕ್ಸಿಯವರ ಅನುಭವ ಸಾಕ್ಷಿಯಾಗಲಾರದು.

ಈ ಲೆಕ್ಕಕ್ಕೆ ಇನ್ನೆರಡು ಬಾಬತ್ತುಗಳನ್ನು ಸೇರಿಸದೆ ಬಿಡುವ ಹಾಗಿಲ್ಲ. ಸಾಲ ಮಾಡಿ ಕೊಳ್ಳುವುದಾದರೆ ಆ ಹೆಚ್ಚುವರಿ ಮೊತ್ತಕ್ಕೂ ಬಡ್ಡಿ ಬೀಳುತ್ತದೆ. ಕಾರಿನ ಬೆಲೆಯ ಮೇಲೆ ವಿಮೆ ನಿಗದಿಯಾಗುವಲ್ಲಿ ಅದೂ ತುಸು ಏರುತ್ತದೆ. ಇವುಗಳಿಂದ ಅಸಲು ತೀರುವ ದಿನ ಒಂದಷ್ಟು ದೂರ ಸರಿಯುತ್ತದೆ. ಇನ್ನೊಂದು ಕಡೆ, ಸರಕಾರ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿರುವ ಜಾಗಗಳಲ್ಲಿ ಬೆಲೆಯ ಅಂತರವೇ ಕರಗಿಹೋಗಿ, ಲೆಕ್ಕ ಹಾಕುವ ಅಗತ್ಯವೂ ಉಳಿಯದಿರಬಹುದು. ಮಾರುವಾಗ ಬರುವ ಬೆಲೆಯೂ ಗಣನೆಗೆ ಬರುತ್ತದೆ: ಹೈಬ್ರಿಡ್ ಬಗ್ಗೆ ನಂಬಿಕೆ ಬೆಳೆದಿರುವ ಮಾರುಕಟ್ಟೆಯಲ್ಲಿ ಕೊಟ್ಟ ಹೆಚ್ಚುವರಿಯಲ್ಲಿ ಒಂದು ಭಾಗ ಹಿಂತಿರುಗುತ್ತದೆ, ಬ್ಯಾಟರಿಯ ಭಯ ಇನ್ನೂ ಇರುವ ಮಾರುಕಟ್ಟೆಯಲ್ಲಿ ಅದೇ ಭಯ ಬೆಲೆಯನ್ನು ಇಳಿಸುತ್ತದೆ.

ಓಡಿಸುವ ಅನುಭವಕ್ಕೆ ಬಂದರೆ, ಸ್ಟ್ರಾಂಗ್ ಹೈಬ್ರಿಡ್ ಕಾರು, ಅಂದರೆ ಮೋಟಾರಿನ ಬಲವೊಂದರಲ್ಲೇ ಚಲಿಸಬಲ್ಲ ಹೈಬ್ರಿಡ್, ನಗರದೊಳಗೆ ಮನಸ್ಸಿಗೆ ಹಿತವಾಗುತ್ತದೆ ಎಂಬುದನ್ನು ಮೆಚ್ಚಲೇಬೇಕು. ಹೊರಡುವಾಗ ಸದ್ದಿಲ್ಲ, ಜರ್ಕ್ ಇಲ್ಲ, ಕ್ಲಚ್ ತುಳಿದು ಕಾಲು ನೋಯುವುದಿಲ್ಲ. ಟೊಯೋಟಾದ ವ್ಯವಸ್ಥೆಯಲ್ಲಿ ಎಂಜಿನ್ನನ್ನೂ ಎರಡು ಮೋಟಾರುಗಳನ್ನೂ ಒಂದು ಪ್ಲಾನೆಟರಿ ಗೇರ್ ಸೆಟ್ (ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಹಲ್ಲುಚಕ್ರಗಳು ತಿರುಗುವ ಜೋಡಣೆ) ಬೆಸೆಯುವುದರಿಂದ ಗೇರ್ ಬದಲಾಗುವ ಮಾತೇ ಬರುವುದಿಲ್ಲ. ಏರುದಾರಿಯಲ್ಲಿ ಆಕ್ಸಿಲರೇಟರ್ ಅನ್ನು ಪೂರ್ತಿ ಒತ್ತಿದಾಗ ಮಾತ್ರ ಇದರ ಇನ್ನೊಂದು ಮುಖ ಕಾಣುತ್ತದೆ: ಕಾರಿನ ವೇಗ ನಿಧಾನವಾಗಿ ಏರುತ್ತಿದ್ದರೂ ಎಂಜಿನ್ ಒಂದೇ ಎತ್ತರದ ಸ್ವರದಲ್ಲಿ ಅರಚುತ್ತ ಉಳಿಯುತ್ತದೆ, ಓಡಿಸುವ ಖುಷಿಯನ್ನು ಬಯಸುವವರಿಗೆ ಅದು ಬೇಸರ ತರಿಸುತ್ತದೆ. ಬ್ರೇಕ್ ಪೆಡಲ್ ಕೂಡ ಮೊದಮೊದಲು ಅಪರಿಚಿತ ಎನಿಸುತ್ತದೆ. ಮೋಟಾರಿನ ತಡೆಯಿಂದ ಪ್ಯಾಡಿನ ತಡೆಗೆ ಹೊರಳುವ ಘಳಿಗೆಯಲ್ಲಿ, ಅದೂ ನಿಲ್ಲುವುದಕ್ಕೆ ಕೊನೆಯ ಒಂದೆರಡು ಮೀಟರ್ ಇರುವಾಗ, ಕೆಲವು ಕಾರುಗಳು ಸಣ್ಣಗೆ ಮುಗ್ಗರಿಸಿದಂತೆ ಮಾಡುತ್ತವೆ. ಮುಂದಿನ ಸಿಗ್ನಲ್ ಕೆಂಪಾಗಿದ್ದು ದೂರದಿಂದಲೇ ಕಂಡರೆ ಕಾಲನ್ನು ಮೊದಲೇ ಎತ್ತಿ, ಪೆಡಲನ್ನು ಮೃದುವಾಗಿ, ಉದ್ದಕ್ಕೆ ಒತ್ತುತ್ತ ಬರುವವರಿಗೆ ಈ ಕಾರು ಹೇಳಿದ್ದಕ್ಕಿಂತ ಹೆಚ್ಚನ್ನೇ ಕೊಡುತ್ತದೆ. ಕೊನೆಯವರೆಗೆ ವೇಗದಲ್ಲಿ ಬಂದು ತಟಕ್ಕನೆ ನಿಲ್ಲಿಸುವವರ ಕೈಯಲ್ಲಿ ಅದೇ ಕಾರು ಸಪ್ಪೆಯಾಗುತ್ತದೆ.

ಚಳಿಯಲ್ಲಿ ಮತ್ತು ಚಿಕ್ಕ ಓಡಾಟದಲ್ಲಿ ಹೈಬ್ರಿಡ್‌ನ ಶೋಭೆ ಕುಂದುತ್ತದೆ. ತಣ್ಣಗಿರುವ ಎಂಜಿನ್ನನ್ನೂ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಬಿಸಿಯಾಗಿಸಲು, ಬೇಕಿರಲಿ ಬಿಡಲಿ, ಎಂಜಿನ್ ಒಂದಷ್ಟು ಹೊತ್ತು ಓಡಲೇಬೇಕು. ಹೊರಗೆ ಹಿಮವಿದ್ದು ಒಳಗೆ ಹೀಟರ್ ಹಾಕಿದರೆ ಆ ಬಿಸಿಯೂ ಎಂಜಿನ್ನಿನಿಂದಲೇ ಬರಬೇಕು. ಎರಡು ಕಿಲೋಮೀಟರ್ ದೂರದ ಅಂಗಡಿಗೆ ಹೋಗಿಬರುವಷ್ಟರಲ್ಲಿ ಈ ಶಾಸ್ತ್ರವೇ ಮುಗಿದಿರುವುದಿಲ್ಲ. ಸೆಕೆಯ ದಿನಗಳಲ್ಲಿ ಎ.ಸಿ.ಯ ಕಂಪ್ರೆಸರ್ ವಿದ್ಯುತ್ತಿನಿಂದ ನಡೆಯುವುದರಿಂದ ಎಂಜಿನ್ ನಿಂತಾಗಲೂ ತಂಪು ನಿಲ್ಲುವುದಿಲ್ಲ ಎಂಬುದೇನೋ ಸುಖವೇ, ಆದರೆ ಬ್ಯಾಟರಿ ಇಳಿದ ಕೂಡಲೇ ಎಂಜಿನ್ ಏಳಬೇಕಾಗುತ್ತದೆ.

ಇಷ್ಟರವರೆಗೆ ಹೇಳಿದ್ದೆಲ್ಲ ಮೋಟಾರೊಂದರಿಂದಲೇ ಕಾರನ್ನು ಮುಂದಕ್ಕೆ ತಳ್ಳಬಲ್ಲ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ಸಲ್ಲುವ ಮಾತು. ಡಿಕ್ಕಿಯ ಮೇಲೆ ಹೈಬ್ರಿಡ್ ಎಂಬ ಅಕ್ಷರಗಳನ್ನು ಅಂಟಿಸಿಕೊಂಡ ಮೈಲ್ಡ್ ಹೈಬ್ರಿಡ್‌ಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 12 ಅಥವಾ 48 ವೋಲ್ಟಿನ, ಮೋಟಾರಾಗಿಯೂ ಕೆಲಸ ಮಾಡುವ ಸಣ್ಣ ಜನರೇಟರ್ ಅಲ್ಲಿ ಸಾಮಾನ್ಯವಾಗಿ ಬೆಲ್ಟಿನ ಮೂಲಕ ಎಂಜಿನ್ನಿಗೆ ಒಂದಿಷ್ಟು ಆಸರೆ ಕೊಡುತ್ತದೆ, ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಎಬ್ಬಿಸುತ್ತದೆ; ಉಳಿತಾಯವೂ ಅಷ್ಟಕ್ಕೇ ಸೀಮಿತ. ಬೆಲೆಯಲ್ಲಿ ಹೆಚ್ಚಿನ ವ್ಯತ್ಯಾಸ ಇಲ್ಲದಿದ್ದರೆ ಬೇಡವೆನ್ನಲು ಕಾರಣವಿಲ್ಲ, ಅದಕ್ಕಾಗಿಯೇ ಹಣ ಕೊಡುವುದರಲ್ಲಿ ಅರ್ಥವೂ ಇಲ್ಲ.

ಪ್ಲಗ್-ಇನ್ ಹೈಬ್ರಿಡ್‌ನದು ಬೇರೆಯೇ ಕಥೆ, ಮತ್ತು ಕಾಗದದ ಮೇಲಿನ ಅಂಕಿಗೂ ರಸ್ತೆಯ ಮೇಲಿನ ಅಂಕಿಗೂ ಅತಿ ದೊಡ್ಡ ಬಿರುಕು ಇರುವುದು ಇಲ್ಲಿಯೇ. ದೊಡ್ಡ ಬ್ಯಾಟರಿಯನ್ನು ಮನೆಯಲ್ಲಿ ಚಾರ್ಜ್ ಮಾಡಿ ದಿನದ ಓಡಾಟವನ್ನು ವಿದ್ಯುತ್ತಿನಲ್ಲೇ ಮುಗಿಸಬಹುದು ಎಂಬ ಊಹೆಯ ಮೇಲೆ ಇವುಗಳ ಅಧಿಕೃತ ಮೈಲೇಜ್ ನಿಂತಿದೆ. ಯೂರೋಪಿಯನ್ ಆಯೋಗವು 2021ರಲ್ಲಿ ನೋಂದಣಿಯಾದ ಕಾರುಗಳೊಳಗಿನ ಇಂಧನ ಬಳಕೆಯ ದಾಖಲೆಗಳನ್ನೇ ಸಂಗ್ರಹಿಸಿ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ, ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳು ಪ್ರಯೋಗಾಲಯದ ಅಂಕಿಗಿಂತ ಶೇ. 20ರಷ್ಟು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬಿಟ್ಟರೆ, ಪ್ಲಗ್-ಇನ್‌ಗಳು ಸರಾಸರಿ ಮೂರೂವರೆ ಪಟ್ಟು ಹೊರಬಿಡುತ್ತಿದ್ದವು. ಹೊಗೆ ಅಷ್ಟಾಯಿತೆಂದರೆ ಪೆಟ್ರೋಲ್ ಅಷ್ಟು ಸುಟ್ಟಿದೆ ಎಂದೇ ಲೆಕ್ಕ. ಕಾರಣದಲ್ಲಿ ನಿಗೂಢವೇನಿಲ್ಲ: ಊಹಿಸಿದಷ್ಟು ಬಾರಿ ಜನ ಚಾರ್ಜ್ ಮಾಡಲಿಲ್ಲ, ಊಹಿಸಿದಷ್ಟು ದೂರ ವಿದ್ಯುತ್ತಿನಲ್ಲಿ ಓಡಿಸಲಿಲ್ಲ. ಚಾರ್ಜ್ ಮಾಡದ ಪ್ಲಗ್-ಇನ್ ಎಂದರೆ ದೊಡ್ಡ ಬ್ಯಾಟರಿಯ ಹೊರೆಯನ್ನು ಹೊತ್ತು ತಿರುಗುವ ದುಬಾರಿ ಹೈಬ್ರಿಡ್ ಅಷ್ಟೇ. ನಿಲ್ಲಿಸುವ ಜಾಗದಲ್ಲೇ ಪ್ಲಗ್ ಇರುವವರು, ರಾತ್ರಿ ಮರೆಯದೆ ಅದನ್ನು ಚುಚ್ಚುವವರು ಮಾತ್ರ ಇದನ್ನು ವಿಚಾರಿಸಬೇಕು. ಅಂಥವರಿಗೆ ಅದರ ಲಾಭ ನಿಜವಾಗಿಯೂ ದೊಡ್ಡದು.

ಕಾರಿನ ಫಲಕದಲ್ಲಿ ಕಾಣುವ ಸರಾಸರಿಯನ್ನೇ ಪೂರ್ತಿ ನಂಬಿ ಕೂರಬಾರದು. ಅದು ವಾಸ್ತವಕ್ಕಿಂತ ಉದಾರವಾಗಿರುವುದು ಅಪರೂಪವಲ್ಲ. ಟ್ಯಾಂಕ್ ಫುಲ್ ಮಾಡಿಸಿ, ಕಿಲೋಮೀಟರ್ ಬರೆದಿಟ್ಟುಕೊಂಡು, ಮುಂದಿನ ಸಲವೂ ಫುಲ್ ಮಾಡಿಸಿ ಭಾಗಿಸುವ ಹಳೆಯ ಪದ್ಧತಿಯೇ ಸರಿ. ಒಂದು ಟ್ಯಾಂಕಿನ ಲೆಕ್ಕ ಸಾಲದು, ಹಲವು ಟ್ಯಾಂಕುಗಳ ಸರಾಸರಿ ಬೇಕು. ಟೈರು ಬದಲಾಯಿಸಿದ ಮೇಲೆ ಮೈಲೇಜ್ ಇಳಿಯಿತೆಂದು ಕೆಲವರು ದೂರುತ್ತಾರೆ: ಹೈಬ್ರಿಡ್‌ಗಳ ಜೊತೆಗೆ ಬರುವ ಟೈರುಗಳು ಉರುಳುವಾಗ ಕಡಿಮೆ ತಡೆ ಒಡ್ಡುವಂತೆ ಮಾಡಿದವಾಗಿದ್ದು, ಅಗ್ಗದ ಸಾಧಾರಣ ಟೈರು ಹಾಕಿಸಿದರೆ ಕೊಟ್ಟ ಹಣದ ಒಂದಂಶವನ್ನು ರಸ್ತೆಗೆ ಒರೆಸಿದಂತೆಯೇ.

ನಿರ್ವಹಣೆಯಲ್ಲಿ ಹೈಬ್ರಿಡ್ ದುಬಾರಿ ಎಂಬ ಭಯಕ್ಕೆ ಹೆಚ್ಚಿನ ಆಧಾರ ನನಗೆ ಕಾಣುವುದಿಲ್ಲ. ಬ್ರೇಕ್ ಪ್ಯಾಡ್‌ಗಳು ಸಾಧಾರಣ ಕಾರಿಗಿಂತ ಬಹಳ ಹೆಚ್ಚು ಕಾಲ ಬಾಳುತ್ತವೆ. ಟೊಯೋಟಾ ಮಾದರಿಯ ವ್ಯವಸ್ಥೆಯಲ್ಲಿ ಪ್ರತ್ಯೇಕ ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಸವೆಯುವ ಕ್ಲಚ್ ಪ್ಲೇಟ್ ಇಲ್ಲ. ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್ ಎಂದಿನಂತೆ. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಒಗ್ಗುವಂತೆ ಮಾರ್ಪಡಿಸುವ ಇನ್ವರ್ಟರನ್ನು ತಂಪಾಗಿಡುವ ಕೂಲಂಟ್ ಒಂದು ಹೊಸದಾಗಿ ಸೇರುತ್ತದೆ. ದಾರಿಯಲ್ಲಿ ಕೈಕೊಡುವುದು ಸಾಮಾನ್ಯವಾಗಿ ಎಲ್ಲರೂ ಹೆದರುವ ದೊಡ್ಡ ಬ್ಯಾಟರಿಯಲ್ಲ, ಕಾರನ್ನು ನಿಯಂತ್ರಿಸುವ ಗಣಕವನ್ನು ಎಬ್ಬಿಸುವ 12 ವೋಲ್ಟಿನ ಸಣ್ಣ ಬ್ಯಾಟರಿ. ಕಾರನ್ನು ವಾರಗಟ್ಟಲೆ ನಿಲ್ಲಿಸಿದರೆ ಅದು ಇಳಿದುಹೋಗಿ, ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೂ ಕಾರು ಅಲುಗುವುದಿಲ್ಲ. ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ಭರವಸೆ (ವಾರಂಟಿ) ಕೊಡುವ ತಯಾರಕರು ಹಲವರಿದ್ದಾರೆ. ಅಮೆರಿಕದಲ್ಲಿ ಟೊಯೋಟಾ 2020ರ ಮಾದರಿಗಳಿಂದ ಇದನ್ನು 10 ವರ್ಷ ಅಥವಾ 1,50,000 ಮೈಲಿಗೆ ಹೆಚ್ಚಿಸಿದೆ. ಭರವಸೆಯ ಅವಧಿಯೊಳಗೇ ಕಾರನ್ನು ಮಾರುವವರಿಗೆ ಬ್ಯಾಟರಿಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಆ ಖರ್ಚು ಲೆಕ್ಕಕ್ಕೆ ಬರುವುದು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕೊಳ್ಳುವವರಿಗೆ. ಮೊದಲ ಮಾಲೀಕರು ಹೆಚ್ಚುವರಿ ಬೆಲೆಯ ಬಹುಭಾಗವನ್ನು ಹೊತ್ತುಬಿಟ್ಟಿರುವುದರಿಂದ, ಐದಾರು ವರ್ಷ ಓಡಿದ ಒಳ್ಳೆಯ ಹೈಬ್ರಿಡ್ ಒಮ್ಮೊಮ್ಮೆ ಹೊಸದಕ್ಕಿಂತ ಜಾಣ ಖರೀದಿಯಾಗುತ್ತದೆ. ಭರವಸೆಯಲ್ಲಿ ಎಷ್ಟು ಉಳಿದಿದೆ, ಅದು ಎರಡನೆಯ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂಬುದನ್ನು ಬರಹದಲ್ಲಿ ನೋಡಬೇಕು. ಬ್ಯಾಟರಿಯ ಬ್ಲಾಕುಗಳ (ಒಳಗಿನ ಕೋಶಗಳ ಗುಂಪುಗಳ) ವೋಲ್ಟೇಜ್ ಒಂದಕ್ಕೊಂದು ಹೊಂದಿದೆಯೇ ಎಂದು ಸ್ಕ್ಯಾನರ್ ಹಾಕಿಸಿ ಪರೀಕ್ಷಿಸಬೇಕು. ಮತ್ತೆ ಹಿಂದಿನ ಸೀಟಿನ ಪಕ್ಕಕ್ಕೆ ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು. ಗಾಳಿಯಿಂದ ತಂಪಾಗುವ ಬ್ಯಾಟರಿ ಇರುವ ಹಲವು ಕಾರುಗಳಲ್ಲಿ ಅಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ, ಅದರ ಹಿಂದೆ ಬ್ಯಾಟರಿಯನ್ನು ತಂಪಾಗಿಡುವ ಫ್ಯಾನ್ ಇರುತ್ತದೆ. ಸಾಕುಪ್ರಾಣಿಯ ರೋಮ, ಧೂಳು, ಸೀಟಿನ ನೂಲು ಸೇರಿ ಆ ಜಾಲರಿ ಮುಚ್ಚಿಹೋಗಿದ್ದರೆ, ಬ್ಯಾಟರಿ ಎಷ್ಟೋ ಬೇಸಿಗೆಗಳನ್ನು ಉಸಿರುಕಟ್ಟಿಕೊಂಡೇ ಕಳೆದಿದೆ ಎಂದು ತಿಳಿದು ಬೆಲೆಯನ್ನು ಅದಕ್ಕೆ ತಕ್ಕಂತೆ ಕೇಳಬಹುದು.